ಸೇವಂತಿಗೆಯ ಬಲ್ಬುಗಳು ಮತ್ತು ಅಮ್ಮನ ಹೊಟ್ಟೆ

ಆ ಬಲ್ಬುಗಳನ್ನು ಹಾಕಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಯಾರಾದರೂ ಕೇಳಿದರೆ ಅಮ್ಮ ಇವತ್ತಿಗೂ "ಅಯ್ಯೋ, ಬಲ್ಬಿಂದ ಏನಾಗ್ತದೆ, ನಂಗೇ ವಯಸ್ಸಾಯ್ತು ಬಿಡಿ" ಎಂದು ನನ್ನ ಪರವಾಗಿಯೇ ಮಾತಾಡುತ್ತಾಳೆ.

ನಮ್ಮ ಮನೆ ಊರೊಳಗಿಲ್ಲ. ಮಾಲೂರಿನಿಂದ ಕೋಲಾರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ನೀಲಗಿರಿ ತೋಪು ದಾಟಿ, ಕಾಲುದಾರಿಯಲ್ಲಿ ಕಾಲು ಗಂಟೆ ನಡೆದರೆ ನಮ್ಮ ತೋಟ. ತೋಟದ ನಡುವೆ ಮನೆ. ಎರಡು ರೂಮು, ಮುಂದೆ ಶೀಟು ಹೊದಿಸಿದ ಪಡಸಾಲೆ, ಅದಕ್ಕೆ ಅಂಟಿಕೊಂಡಂತೆ ಎರಡು ಹಸುಗಳ ಕೊಟ್ಟಿಗೆ. ಮನೆಯಲ್ಲಿರುವವರು ಮೂವರು: ಅಪ್ಪ, ಅಮ್ಮ, ನಾನು. ನಾನು ಸರ್ಕಾರಿ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು, ಗಂಡಸರನ್ನೂ ಸೇರಿಸಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಕೂತಿದ್ದಾಗ ಕೈಗೆ ಬಂದು ಬಿದ್ದದ್ದಲ್ಲ ಅದು.

ಬಿ.ಎಸ್ಸಿ. ಓದುವಾಗ ಕೋಲಾರದ ಕಾಲೇಜಿಗೆ ಹೋಗಲು ಇದ್ದದ್ದು ಬೆಳಿಗ್ಗೆ ಆರೂವರೆಯ ಒಂದು ಬಸ್ಸು. ಅದು ತಪ್ಪಿದರೆ ಮುಂದಿನದು ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಅರ್ಧ ಮುಗಿದಿರುತ್ತಿತ್ತು. ಆಗ ಮನೆಯಲ್ಲಿ ಅಲಾರಾಂ ಇರಲಿಲ್ಲ, ನನ್ನ ಬಳಿ ಫೋನಿರಲಿಲ್ಲ. ಇದ್ದವಳು ಅಮ್ಮ. ಅವಳ ತವರು ಶ್ರೀನಿವಾಸಪುರ ತಾಲೂಕಿನ ರಾಯಲ್ಪಾಡಿನ ಕಡೆ. ಹುಟ್ಟಿದಾಗಿನಿಂದ ತೆಲುಗು, ಮದುವೆಯಾದ ಮೇಲೆ ಕನ್ನಡ. ನಿದ್ದೆಯಿಂದ ಎದ್ದ ಮೊದಲ ಮಾತು ಮಾತ್ರ ಇಂದಿಗೂ ತೆಲುಗಿನಲ್ಲೇ ಬರುತ್ತದೆ. ಪೂರ್ವದ ಕಡೆ ಒಂಚೂರು ಬಿಳುಪು ಕಂಡರೆ ಸಾಕು, "ತೆಲ್ಲಾರಿಂದಿ ಲೇ, ಬೆಳಗಾಯ್ತು, ಏಳೇ" ಎಂದು ನನ್ನ ಹೊದಿಕೆ ಎಳೆಯುತ್ತಿದ್ದಳು. ಎದ್ದು ನೋಡಿದರೆ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತಿತ್ತು. ಬಿಸಿ ಮುದ್ದೆ ನುಂಗಿ, ಡಬ್ಬಿ ಹಿಡಿದು ಓಡಿದರೆ ಬಸ್ಸು ತೋಪಿನ ತಿರುವಿನಲ್ಲಿ ಹಾರ್ನ್ ಹಾಕುತ್ತಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ನನ್ನ ಡಿಗ್ರಿಯಲ್ಲಿ ಅರ್ಧ ಪಾಲು ಆ ಹೆಂಗಸಿನ ಕಣ್ಣಿನದು.

ಹೊಟ್ಟೆಯೂ ಹಾಗೇ. ಸೂರ್ಯ ತೆಂಗಿನ ಮರದ ಮೇಲೆ ಬಂದರೆ ಅವಳಿಗೆ ಹಸಿವು. ನೆತ್ತಿಗೆ ಬಂದರೆ ಇನ್ನೊಂದು ಸಲ. ದೀಪ ಹಚ್ಚುವ ಹೊತ್ತಿಗೆ ಮೂರನೇ ಸಲ, ಆಮೇಲೆ ನೀರು ಬಿಟ್ಟರೆ ಏನೂ ಇಲ್ಲ, ಎಂಟಕ್ಕೆಲ್ಲ ಪಡಸಾಲೆಯಲ್ಲಿ ಚಾಪೆ. ಐವತ್ತೆಂಟು ವರ್ಷ ಒಂದು ಹೊಟ್ಟೆನೋವು ಅಂತ ಅಂದವಳಲ್ಲ.

ಎರಡು ವರ್ಷದ ಹಿಂದೆ ದಸರಾ ಕಳೆದ ಮೇಲೆ ಅಪ್ಪ ಮನೆಯ ಮುಂದಿನ ಅರ್ಧ ಎಕರೆಗೆ ಸೇವಂತಿಗೆ ಸಸಿ ಹಾಕಿಸಿದರು, ಯುಗಾದಿಯ ಹೊತ್ತಿಗೆ ಹೂ ಬರಲಿ ಎಂದು. ಆದರೆ ಚಳಿಗಾಲದ ಸೇವಂತಿಗೆಗೆ ಒಂದು ಕೆಟ್ಟ ಬುದ್ಧಿ ಇದೆ: ಗೇಣುದ್ದ ಬೆಳೆಯುವಷ್ಟರಲ್ಲೇ ಮೊಗ್ಗು ಕಟ್ಟಿಬಿಡುತ್ತದೆ. ರಾತ್ರಿ ಉದ್ದವಾಯಿತು ಎಂದು ಅದಕ್ಕೆ ಗೊತ್ತಾಗುತ್ತದೆ, ಇನ್ನು ಹೂ ಬಿಡುವ ಕಾಲ ಬಂತು ಅಂದುಕೊಳ್ಳುತ್ತದೆ. ಇದು ನಾನು ಬಾಟನಿಯಲ್ಲಿ ಓದಿದ ಪಾಠ. ಗಿಡ ಅಳೆಯುವುದು ಹಗಲನ್ನಲ್ಲ, ರಾತ್ರಿಯನ್ನು. ನಡುರಾತ್ರಿ ಒಂದಷ್ಟು ಹೊತ್ತು ಬೆಳಕು ಕೊಟ್ಟರೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗಿ ತುಂಡಾಗುತ್ತದೆ. ಗಿಡ ಮೋಸಹೋಗಿ ಬೆಳೆಯುತ್ತಲೇ ಇರುತ್ತದೆ. ನಮ್ಮ ಸುತ್ತಮುತ್ತ ಎಷ್ಟೋ ತೋಟಗಳಲ್ಲಿ ಹೀಗೆ ಬಲ್ಬು ಹಾಕುತ್ತಾರೆ. ಬೇರೆಯವರು ಹಾಕಿದ್ದಾರೆಂದು ಹಾಕುವುದು ಬೇರೆ, ಯಾಕೆ ಹಾಕುತ್ತೇವೆಂದು ಗೊತ್ತಿದ್ದು ಹಾಕುವುದು ಬೇರೆ. ನಾನು ಅಪ್ಪನನ್ನು ಕೂರಿಸಿಕೊಂಡು, ಸ್ಲೇಟಿನ ಮೇಲೆ ಗೆರೆ ಎಳೆದು ವಿವರಿಸಿದೆ. ಅಪ್ಪ ನಾಲ್ಕನೇ ಕ್ಲಾಸು. ಎಲ್ಲ ಕೇಳಿ, "ಗಿಡಕ್ಕೆ ನಿದ್ದೆ ಕೆಡಿಸ್ಬೇಕು ಅಂತೀಯ. ಅಷ್ಟೇ ತಾನೆ?" ಎಂದರು. ಅಷ್ಟೇ.

ನೀಲಗಿರಿ ಕಂಬ ನೆಟ್ಟು, ಸಾಲಿಗೊಂದರಂತೆ ವೈರು ಎಳೆದು, ಎಲ್‌ಇಡಿ ಬಲ್ಬು ತೂಗುಹಾಕಿದೆವು. ಟೈಮರ್ ಡಬ್ಬಿಯನ್ನು ನಾನೇ ಹೊಂದಿಸಿದೆ: ರಾತ್ರಿ ಹನ್ನೊಂದರಿಂದ ಮೂರರವರೆಗೆ. ಮೊದಲ ರಾತ್ರಿ ಹತ್ತಿಸಿ ನೋಡಿದಾಗ ತೋಟವೆಲ್ಲ ಬೆಳ್ಳಗೆ ಬೆಳಗಿ, ಎಲೆ ಎಲೆಯೂ ಕಾಣುತ್ತಿತ್ತು. ಮಾರನೇ ದಿನದಿಂದ ಊರಿನವರು ಊಟ ಮುಗಿಸಿ, ಟಾರ್ಚು ಹಿಡಿದು ನೋಡಲು ಬರತೊಡಗಿದರು. ಅವರಿಗಾಗಿ ಒಂದು ವಾರ ನಾನು ಎಂಟೂವರೆಗೇ ಒಂದು ಸಲ ಹತ್ತಿಸಿ ತೋರಿಸುತ್ತಿದ್ದೆ.

"ಏನಕ್ಕಾ, ತೋಟಕ್ಕೇನು ಮದ್ವೆನಾ?" ಎಂದಳು ಪಕ್ಕದ ತೋಟದವರ ಸೊಸೆ.

"ಹೂಂ ಕಣೆ. ಹೆಣ್ಣು ಇಲ್ಲೇ ನಿಂತೈತೆ, ಪೆಂಡಾಲು ರೆಡಿ ಐತೆ. ಗಂಡು ಒಂದು ನೀನೇ ಹುಡುಕ್ಕೊಂಡು ಬಂದ್ಬಿಡು" ಎಂದು ಅಮ್ಮ ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ನಕ್ಕರು. ಆಮೇಲೆ ಅಮ್ಮ ದನಿ ಬದಲಾಯಿಸಿ, "ನನ್ ಮಗಳು ಓದಿ ಹಾಕ್ಸಿರೋದು ಇದು. ಆ ಗಿಡಕ್ಕೆ ರಾತ್ರಿ ಲೆಕ್ಕ ಗೊತ್ತಾಗ್ತದಂತೆ, ಗೊತ್ತಾ ನಿಂಗೆ?" ಎಂದಳು. ಆ ಮಾತನ್ನು ಬಂದವರೆಲ್ಲರಿಗೂ ಹೇಳಿದಳು. ನನಗೂ ಖುಷಿಯೇ. ಇಪ್ಪತ್ತು ವರ್ಷ ಓದಿದ್ದು ಕಣ್ಣಿಗೆ ಕಾಣುವ ಹಾಗೆ ಉರಿಯುತ್ತಿತ್ತಲ್ಲ.

ಮೊದಲು ಮೋಸಹೋದದ್ದು ಹುಂಜ. ಬಲ್ಬು ಹತ್ತಿ ಅರ್ಧ ಗಂಟೆಗೆಲ್ಲ ಕೊಟ್ಟಿಗೆಯ ಗೋಡೆ ಹತ್ತಿ ಕೂಗತೊಡಗಿತು. ಎರಡನೆಯದು ಅಮ್ಮ. ಮೂರನೇ ದಿನವೋ ನಾಲ್ಕನೇ ದಿನವೋ, ಎದ್ದು ಮುಖ ತೊಳೆದು, ಎಸರಿಟ್ಟು, ಹಿಟ್ಟು ಹಾಕಿ, ಮುದ್ದೆ ತೊಳಸಿಯೂ ಆಯಿತು. ಅಪ್ಪನನ್ನು ಎಬ್ಬಿಸಲು ಹೋದರೆ ಅಪ್ಪ ಗೋಡೆ ಗಡಿಯಾರ ನೋಡಿ, "ಇನ್ನೂ ಒಂದೂಕಾಲು ಕಣೆ! ಯಾರಿಗೆ ಇಕ್ತೀಯ ಮುದ್ದೆ, ದೆವ್ವಗಳಿಗಾ?" ಎಂದರಂತೆ. ಬೆಳಿಗ್ಗೆ ಈ ಕತೆ ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ಕೂಲಿನಲ್ಲಿ ಹೇಳಿ ಇನ್ನೊಂದು ಸಲ ನಗಿಸಿದೆ. ಅಮ್ಮನೂ ನಕ್ಕಳು. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ನಾನು ಒಳರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗುವವಳು. ಆ ರೂಮಿನ ಕಿಟಕಿ ಹಿಂದುಗಡೆ ಹುಣಸೆಮರಕ್ಕೆ ಮುಖ ಮಾಡಿದೆ. ಅಪ್ಪ ಮುಂದಿನ ರೂಮಿನಲ್ಲಿ ಮುಖದ ಮೇಲೆ ಟವೆಲ್ ಎಳೆದುಕೊಂಡರೆ ಪಕ್ಕದಲ್ಲಿ ಟ್ರಾಕ್ಟರ್ ಹೋದರೂ ಏಳುವುದಿಲ್ಲ. ಬಲ್ಬಿನ ಬೆಳಕು ನೇರವಾಗಿ ಬಿದ್ದದ್ದು ಪಡಸಾಲೆಯಲ್ಲಿ ಮಲಗುವ ಒಬ್ಬಳ ಮೇಲೆ.

ಅದು ಅವರೆಕಾಯಿ ಕಾಲ. ನಮ್ಮ ಕಡೆ ಆ ಎರಡು ತಿಂಗಳು ಬೇರೆ ಸಾರೇ ಇಲ್ಲ. ಅಮ್ಮ ಹಿದುಕಿದ ಬೇಳೆ ಸಾರು ಮಾಡಿದ ದಿನ ತಾನೇ ಎರಡು ಮುದ್ದೆ ಉಣ್ಣುವವಳು. ಆ ವರ್ಷ ಬೆಳಿಗ್ಗೆ ಎದ್ದರೆ ಬೇಸಿನ್ ತುಂಬ ಕಾಳು ಹಿದುಕಿ ರೆಡಿ ಇರುತ್ತಿತ್ತು. ಸಂಜೆಯೇ ಕೂತು ಹಿದುಕಿರಬೇಕು ಎಂದುಕೊಂಡು ಸಾರನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಿದ್ದೆ. ಆದರೆ ತಟ್ಟೆಯ ಮುಂದೆ ಅಮ್ಮ ಅರ್ಧ ಮುದ್ದೆಯನ್ನು ಸಾರಿನಲ್ಲಿ ಸುಮ್ಮನೆ ಹೊರಳಿಸುತ್ತಿದ್ದಳು.

"ಯಾಕಮ್ಮ?"

"ಯಾಕೋ ಎದೆ ಹತ್ರ ಉರೀತದೆ. ಸೊಗಡು ಜಾಸ್ತಿ ಆಯ್ತೇನೋ ಬಿಡು."

ಎದೆಯುರಿಯ ಜೊತೆಗೆ ಹೊಟ್ಟೆ ಉಬ್ಬರ ಬಂತು. ದಿನ ಬಿಟ್ಟು ದಿನ ಬಯಲಿಗೆ ಹೋಗಿ ಬಂದರೂ ಸಲೀಸಾಗಲಿಲ್ಲ ಎಂದು ಅಪ್ಪನ ಹತ್ತಿರ ಹೇಳಿದಳಂತೆ. ನನ್ನ ಹತ್ತಿರ ಅದನ್ನೂ ಹೇಳಲಿಲ್ಲ. ಓಮದ ನೀರು ಕುಡಿದಳು. ಜೀರಿಗೆ ಕುದಿಸಿ ಕುಡಿದಳು. ಯಾರೋ ದೃಷ್ಟಿ ಎಂದರು, ಮೆಣಸಿನಕಾಯಿ ಸುಟ್ಟಿದ್ದಾಯಿತು. ಪಕ್ಕದ ತೋಟದ ಸೊಸೆ ವೇಮಗಲ್ ಫ್ಯಾಕ್ಟರಿಗೆ ಶಿಫ್ಟ್ ಕೆಲಸಕ್ಕೆ ಹೋಗುವವಳು; ತನ್ನ ಬ್ಯಾಗಿನಿಂದ ಒಂದು ಪಟ್ಟಿ ಮಾತ್ರೆ ತೆಗೆದುಕೊಟ್ಟಳು. "ತಗೊಳ್ಳಿ ಅಕ್ಕ, ಗ್ಯಾಸ್ಟ್ರಿಕ್ಕು. ನೈಟ್ ಶಿಫ್ಟ್ ಬಿದ್ದ ವಾರ ನಮ್ಮ ಲೈನಲ್ಲಿ ಎಲ್ರ ಬ್ಯಾಗಲ್ಲೂ ಇದೇ ಇರ್ತದೆ" ಎಂದಳು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅಮ್ಮನ ರವಿಕೆ ಸಡಿಲವಾಯಿತು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಊಟ ಎಂದರೆ ಮುಖ ತಿರುಗಿಸುತ್ತಿದ್ದಳು. "ಹಸಿವೇ ಇಲ್ಲ ಕಣೆ" ಎಂಬುದು ದಿನದ ಮಾತಾಯಿತು. ಅಪ್ಪ ಒಂದು ಸಂಜೆ ಹಸುವಿಗೆ ಹುಲ್ಲು ಹಾಕುತ್ತ, ನನ್ನ ಮುಖ ನೋಡದೆ, "ಕುರುಡುಮಲೆ ಗಣಪನಿಗೆ ಹೇಳ್ಕೊಂಡಿದ್ದೀನಿ ಕಣಮ್ಮ. ಅವಳು ಮುಂಚಿನ ಥರ ಉಂಡ್ರೆ ನಡ್ಕೊಂಡೇ ಬರ್ತೀನಿ ಅಂತ" ಎಂದರು. ಯಾವ ಕಾಯಿಲೆಯ ಹೆಸರೂ ಅವರ ಬಾಯಿಂದ ಬರಲಿಲ್ಲ. ಇಬ್ಬರಿಗೂ ಅದೇ ಹೆಸರು ತಲೆಯಲ್ಲಿತ್ತು. ನಮ್ಮ ದೊಡ್ಡಮ್ಮ ಹೋದದ್ದು ಅದರಲ್ಲೇ, ಹೀಗೇ ಊಟ ಬಿಟ್ಟು.

ಮಾರನೇ ದಿನ ರಜೆ ಹಾಕಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನೋಡಿದವರು ಒಬ್ಬ ಡಾಕ್ಟರಮ್ಮ, ನನ್ನದೇ ವಯಸ್ಸು. ಹೊಟ್ಟೆ ಒತ್ತಿ ನೋಡಿ, ಯಾವುದಕ್ಕೂ ಬಾಯಿಂದ ಪೈಪು ಬಿಟ್ಟು ನೋಡಿಬಿಡೋಣ ಎಂದರು. ಅಮ್ಮ ಒಳಗೆ ಹೋದ ಆ ಹೊತ್ತು ಕಾರಿಡಾರಿನ ಬೆಂಚಿನ ಮೇಲೆ ಅಪ್ಪ, ನಾನು ಕೂತಿದ್ದೆವು. ಡಾಕ್ಟರಮ್ಮ ಹೊರಗೆ ಬಂದು ಮೊದಲು ಹೇಳಿದ ಮಾತು: "ನೀವು ಹೆದರ್ಕೊಂಡಿರೋ ಥರದ್ದು ಏನೂ ಇಲ್ಲ. ಒಳಗಡೆ ಕೆಂಪಗಾಗಿದೆ, ಅಷ್ಟೇ. ಹುಣ್ಣೂ ಆಗಿಲ್ಲ." ಅಪ್ಪ ಎದ್ದು ನಿಂತು ಕೈಮುಗಿದರು. ಆ ಮಾತನ್ನು ಕಾಯಿಸದೆ ಮೊದಲೇ ಹೇಳಿದ್ದಕ್ಕೆ ನಾನು ಅವರಿಗೆ ಇವತ್ತಿಗೂ ಕೃತಜ್ಞಳು.

ಮಾತ್ರೆ ಬರೆದುಕೊಟ್ಟರು. "ಬೆಳಿಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಗೆ. ಅರ್ಧ ಗಂಟೆ ಬಿಟ್ಟು ತಿಂಡಿ" ಎಂದು ಅಮ್ಮನಿಗೆ ಎರಡು ಸಲ ಹೇಳಿದರು. ಅಮ್ಮ ತಲೆಯಾಡಿಸಿದಳು. ಮನೆಗೆ ಬಂದು ಮಾತ್ರೆಯ ಪಟ್ಟಿಯನ್ನು ಪಡಸಾಲೆಯ ಗೂಡಿನಲ್ಲಿ, ಚೊಂಬಿನ ಪಕ್ಕದಲ್ಲೇ ಇಟ್ಟುಕೊಂಡಳು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹೆಂಗಸು. ಒಂದು ದಿನವೂ ಮರೆಯಲಿಲ್ಲ.

ಮೂರು ವಾರ ಆಯಿತು. ಒಂದಿಷ್ಟೂ ಕಮ್ಮಿಯಾಗಲಿಲ್ಲ.

ಮತ್ತೆ ಹೋದೆವು. ಡಾಕ್ಟರಮ್ಮ ಚೀಟಿ ನೋಡಿದರು, ಅಮ್ಮನ ಮುಖ ನೋಡಿದರು. ಬೇರೆ ಮಾತ್ರೆ ಬರೆಯಲು ಪೆನ್ನು ಎತ್ತಿಕೊಂಡವರು ಹಾಗೇ ನಿಲ್ಲಿಸಿದರು. ಅಮ್ಮನ ಮಾತಿನ ಎಳೆತ ಕೇಳಿ, "ಯಾವೂರಮ್ಮ ನಿಮ್ದು, ತವರು?" ಎಂದರು. ಅಮ್ಮ ಹೇಳಿದಳು. ಡಾಕ್ಟರಮ್ಮ ಮುಳಬಾಗಿಲಿನ ಕಡೆಯವರಂತೆ. ಅಲ್ಲಿಂದ ಇಬ್ಬರೂ ತೆಲುಗಿಗೆ ಇಳಿದರು, ಅಮ್ಮನ ಬೆನ್ನು ಕುರ್ಚಿಗೆ ಒರಗಿತು. ನನಗೆ ತೆಲುಗು ಅರ್ಥವಾಗುತ್ತದೆ; ಹಾಗಾಗಿ ಒಂದು ಮಾತೂ ತಪ್ಪಿಸಿಕೊಳ್ಳಲಿಲ್ಲ.

ಮಾತ್ರೆ ಯಾವಾಗ ತಗೊಳ್ತೀರ ಎಂದು ಅವರು ಕೇಳಿದರು.

ನೀವು ಹೇಳಿದ ಹಾಗೇ, ಎದ್ದ ತಕ್ಷಣ ಎಂದಳು ಅಮ್ಮ.

ಎದ್ದು?

ಒಂದು ಲೋಟ ಕಾಫಿ. ಹೊಟ್ಟೆ ಕಿವುಚಿದ ಹಾಗಾಗುತ್ತದೆ, ಅದಕ್ಕೆ ತಂಗಳು ಮುದ್ದೆ ಇದ್ದರೆ ಒಂಚೂರು ಮಜ್ಜಿಗೆಗೆ ಕಿವುಚಿಕೊಂಡು ಕುಡಿಯುವುದು. ಆಮೇಲೆ ಕೂತು ಕಾಳು ಹಿದುಕುವುದು, ರಾಗಿ ಹಸನು ಮಾಡುವುದು.

ಆಮೇಲೆ ತಿಂಡಿ?

ಇಲ್ಲ, ಬೆಳಿಗ್ಗೆ ತಿಂಡಿ ಸೇರಲ್ಲ. ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಏನಾದರೂ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎನ್ನಿ ಗಂಟಲಕು ಲೇಸ್ತಾರಮ್ಮಾ?" ಎಷ್ಟು ಗಂಟೆಗೆ ಏಳ್ತೀರಮ್ಮ?

ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ನೋಟ ಅದು. ಆಮೇಲೆ ಕನ್ನಡದಲ್ಲೇ, ನೆಲ ನೋಡುತ್ತ, "ಬಲ್ಬ್ ಹತ್ತಿದಾಗ" ಎಂದಳು.

ಯಾವ ಬಲ್ಬು ಎಂದು ಡಾಕ್ಟರಮ್ಮ ಕೇಳಿದ್ದು ನನ್ನನ್ನು. ನಾನೇ ಹೇಳಬೇಕಾಯಿತು. ಸೇವಂತಿಗೆ, ಉದ್ದ ರಾತ್ರಿ, ಗಿಡ್ಡ ರಾತ್ರಿ, ಟೈಮರ್, ಹನ್ನೊಂದರಿಂದ ಮೂರು. ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣಗಾಗುತ್ತ ಹೋಯಿತು. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ ಇದನ್ನು! ರಾತ್ರಿಯನ್ನು ಅಳೆಯುವ ಗಿಡದ ಪಕ್ಕದಲ್ಲೇ ರಾತ್ರಿಯನ್ನು ಅಳೆಯುವ ಒಬ್ಬ ಹೆಂಗಸು ಮಲಗುತ್ತಾಳೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಯಾವ ಕಣ್ಣು ನನ್ನನ್ನು ಆರೂವರೆಯ ಬಸ್ಸಿಗೆ ಹತ್ತಿಸಿತ್ತೋ ಅದೇ ಕಣ್ಣಿಗೆ ನಾನು ಎಲ್‌ಇಡಿ ಹಾಕಿದ್ದೆ.

ಡಾಕ್ಟರಮ್ಮ ಬೈಯಲಿಲ್ಲ. "ಮೇಡಂ, ಮಾತ್ರೆ ಸರಿಯಾಗೇ ಇದೆ, ಗಂಟೆ ತಪ್ಪಾಗಿದೆ" ಎಂದರು. ಆಮೇಲೆ ಸಣ್ಣದಾಗಿ ವಿವರಿಸಿದರು. ಹೊಟ್ಟೆಗೂ ಕರುಳಿಗೂ ಒಂದು ದಿನಚರಿ ಇದೆ. ಹಗಲು ಕೆಲಸ, ರಾತ್ರಿ ನಿಧಾನ. ಒಳಗಿನ ಪದರ ತನ್ನನ್ನು ತಾನು ಸರಿಮಾಡಿಕೊಳ್ಳಲೂ ಆ ಬಿಡುವು ಬೇಕು. ಕಣ್ಣು ಬೆಳಕು ನೋಡಿ ಮೆದುಳಿಗೆ ಹೇಳುತ್ತದೆ, ಮೆದುಳು ದೇಹಕ್ಕೆಲ್ಲ ಹೇಳುತ್ತದೆ. ಊಟದ ಹೊತ್ತು ಬೇರೆ ತನ್ನದೇ ಸುದ್ದಿ ಕಳಿಸುತ್ತದೆ. ಎರಡೂ ಸುದ್ದಿ ದಿನಾ ಬೇರೆ ಬೇರೆ ಬಂದರೆ ಹೊಟ್ಟೆ ಯಾರ ಮಾತು ಕೇಳಬೇಕು? "ಬೆಳಕೊಂದೇ ಕಾರಣ ಅಂತ ನಾನು ಬರೆದುಕೊಡಲ್ಲ. ನಿದ್ದೆ ಕೆಟ್ಟಿದೆ, ಹೊತ್ತಲ್ಲದ ಹೊತ್ತಲ್ಲಿ ಕಾಫಿ, ಹಗಲೆಲ್ಲ ಉಪವಾಸ. ಆದ್ರೆ ಇವೆಲ್ಲ ಶುರುವಾಗಿದ್ದು ಬೆಳಕಿಂದಾನೇ. ನಮ್ಮಲ್ಲಿ ನೈಟ್ ಡ್ಯೂಟಿ ಮಾಡೋ ಸಿಸ್ಟರ್‌ಗಳನ್ನ ಕೇಳಿ ನೋಡಿ. ನಂಗೂ ಆಗಿತ್ತು."

ಮಾತ್ರೆ ಬದಲಾಯಿಸಲಿಲ್ಲ. ಚೀಟಿಯಲ್ಲಿ ಮಾತ್ರೆಯ ಮುಂದೆ "ಬೆಳಿಗ್ಗೆ" ಎಂಬುದನ್ನು ಹೊಡೆದುಹಾಕಿ "ಬೆಳಿಗ್ಗೆ 6 ಗಂಟೆ" ಎಂದು ಬರೆದರು. ಕೆಳಗೆ ಇನ್ನೊಂದು ಸಾಲು: "ರಾತ್ರಿ ಕತ್ತಲೆ." ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ. "ಯಾಕಮ್ಮ ಒಂದು ಮಾತು ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಊರೋರೆಲ್ಲ ಬಂದು ನೋಡ್ಕೊಂಡು ಹೋಗಿದ್ದಾರೆ. ನನ್ ಮಗಳು ಓದಿ ಹಾಕ್ಸಿದ್ದು ಅಂತ ನಾನೇ ಸಾರ್ಕೊಂಡು ಬಂದಿದ್ದೀನಿ. ಅದೇ ಬಾಯಲ್ಲಿ, ಅದರಿಂದ ನಂಗೆ ನಿದ್ದೆ ಬರ್ತಿಲ್ಲ ಅಂತ ಹೇಳಕ್ಕಾಗ್ತದಾ?"

"ಒಳಗಡೆ ಬಂದು ನನ್ ರೂಮಲ್ಲಿ ಮಲಕ್ಕೋಬಾರ್ದಿತ್ತಾ?"

"ಹಸು ಪಕ್ಕ ಯಾರು ಮಲಗ್ತಾರೆ, ನೀನಾ?" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಮೊದಮೊದಲು ಬಲ್ಬು ಅಂತ ಗೊತ್ತಾಗ್ತಿತ್ತು ಕಣೆ. ತಲೆಗೆ ಗೊತ್ತಾಗ್ತಿತ್ತು, ಮೈಗೆ ಗೊತ್ತಾಗ್ತಿರ್ಲಿಲ್ಲ. ಮೈ ಎದ್ದು ಕೂತ್ಕೊಂಡ್ಬಿಡೋದು" ಎಂದಳು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚೊಕ್ಕವಾಗಿ ಬರೆದಿರಲಿಲ್ಲ.

ಮನೆಗೆ ಬಂದವಳೇ ಟೈಮರ್ ಡಬ್ಬಿಗೆ ಕೈ ಹಾಕಿದೆ. ಎಲ್ಲವನ್ನೂ ಆರಿಸಿಬಿಡುವುದು ಎಂದು. ಅಮ್ಮ ನನ್ನ ಕೈ ಹಿಡಿದಳು.

"ಏಯ್, ಗಿಡ ಇನ್ನೂ ಮೊಣಕಾಲಿಗೆ ಬಂದಿಲ್ಲ. ಈಗ ಆರ್ಸಿದ್ರೆ ಮೊಗ್ಗು ಕಟ್ತದೆ ಅಂತ ನೀನೇ ತಾನೆ ಹೇಳಿದ್ದು? ಇನ್ನ ಮೂರು ವಾರ. ನಾನೇನು ಸತ್ತು ಹೋಗ್ತೀನಾ?"

"ಹೋದ್ರೆ ಹೋಗ್ಲಿ ಹೂವು. ನಿನ್ ಹೊಟ್ಟೆಗಿಂತ ಹೆಚ್ಚಾ ಅದು?"

"ನಾಟಿ ಹಾಕಿದ್ದು ನಾನು. ಬಗ್ಗಿ ಬಗ್ಗಿ ಸೊಂಟ ಹೋಗೈತೆ. ನಿಂಗೇನು, ಸ್ಲೇಟಲ್ಲಿ ಬರ್ದೆ."

ನಾವಿಬ್ಬರೂ ಹೀಗೆ ಕೂಗಾಡುತ್ತಿದ್ದಾಗ ಅಪ್ಪ ಅಲ್ಲಿರಲಿಲ್ಲ. ಎಲ್ಲಿ ಹೋದರು ಎಂದು ನೋಡಿದರೆ ಕೊಟ್ಟಿಗೆಯ ಹಿಂದೆ ಕೂತು, ತಗಡು ಕತ್ತರಿಸುವ ಕತ್ತರಿಯಿಂದ ಹಳೇ ಎಣ್ಣೆ ಡಬ್ಬಗಳನ್ನು ಉದ್ದಕ್ಕೆ ಸೀಳುತ್ತಿದ್ದರು. ಮೊದಲು ಮನೆಗೆ ಹತ್ತಿರದ ಮೂರು ಸಾಲುಗಳ ಬಲ್ಬನ್ನು ಪೂರ್ತಿ ಬಿಚ್ಚಿದರು. ಅದರ ಆಚೆಯ ಸಾಲುಗಳಲ್ಲಿ ಒಂದೊಂದು ಬಲ್ಬಿಗೂ ಸೀಳಿದ ಡಬ್ಬವನ್ನು ಮನೆಯ ಕಡೆಗೆ ಮರೆಯಾಗುವ ಹಾಗೆ, ಟೋಪಿಯಂತೆ, ತಂತಿಯಿಂದ ಕಟ್ಟಿದರು. ಟೊಮೆಟೊ ಸಾಲಿನ ಮಣ್ಣಿಗೆ ಹೊದಿಸಲು ತಂದು ಉಳಿದಿದ್ದ ಕಪ್ಪು ಪ್ಲಾಸ್ಟಿಕ್ಕಿನ ಮಲ್ಚಿಂಗ್ ಪೇಪರನ್ನು ಪಡಸಾಲೆಯ ಮುಂದೆ, ಶೀಟಿನಿಂದ ನೆಲದವರೆಗೆ ಇಳಿಬಿಟ್ಟು, ಕೆಳಗೆ ಕಲ್ಲು ಹೇರಿದರು. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ, "ಬೆಳಕು ಬೇಕಾಗಿರೋದು ಗಿಡದ ತಲೆ ಮೇಲೆ. ಇವಳ ಮುಖದ ಮೇಲೆ ಯಾಕೆ?" ಎಂದರು.

ಬೆಳಕಿನ ಪಾಠವನ್ನು ಹತ್ತನೇ ಕ್ಲಾಸಿಗೆ ಹೇಳಿಕೊಡುವವಳು ನಾನು. ಡಬ್ಬ ಸೀಳುವುದು ಹೊಳೆದದ್ದು ನಾಲ್ಕನೇ ಕ್ಲಾಸಿನವರಿಗೆ. ಅವತ್ತು ಅಪ್ಪನ ಮೇಲೆ ಬಂದ ಹೆಮ್ಮೆ ನನ್ನ ಘಟಿಕೋತ್ಸವದ ದಿನ ಅಪ್ಪನಿಗೆ ನನ್ನ ಮೇಲೆ ಬಂದಿರಬಹುದಾದ ಹೆಮ್ಮೆಗಿಂತ ಕಮ್ಮಿಯದಲ್ಲ.

ಒಂದೇ ದಿನಕ್ಕೆ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ವಾರ ಕಪ್ಪು ಪೇಪರಿನ ಹಿಂದಿನ ಕತ್ತಲಲ್ಲೂ ಅಮ್ಮ ಹನ್ನೊಂದೂವರೆಗೆಲ್ಲ ಎದ್ದು ಕೂರುತ್ತಿದ್ದಳು. ನಾನೂ ಪಡಸಾಲೆಯಲ್ಲೇ ಚಾಪೆ ಹಾಕಿಕೊಂಡೆ. ಏನೂ ತಿನ್ನಬಾರದು, ಕಾಫಿ ಇಲ್ಲ, ದೀಪ ಹಾಕಬಾರದು, ಕಾಳು ಮುಟ್ಟಬಾರದು ಎಂದು ನಾನು ಕಾವಲು. "ಜೈಲಲ್ಲಿ ಇಟ್ಟಂಗೆ ಇಟ್ಟವಳೆ ನೋಡು" ಎಂದು ಅಮ್ಮ ಹಸುವಿಗೆ ದೂರು ಹೇಳುತ್ತಿದ್ದಳು. ಬೆಳಿಗ್ಗೆ ಆರಕ್ಕೆ ನನ್ನ ಫೋನು ಬಡಿದುಕೊಂಡಾಗ ಮಾತ್ರೆ. ಆರೂವರೆಗೆ ಹಸಿವಿದ್ದರೂ ಇಲ್ಲದಿದ್ದರೂ ಎರಡು ತುತ್ತು, ಅದೂ ಹೊರಗೆ ಎಳೆ ಬಿಸಿಲಲ್ಲಿ ಕೂತು. ರಾತ್ರಿಯ ಊಟ ಏಳಕ್ಕೇ ಮುಗಿಯಬೇಕು. ಸ್ಕೂಲಿನ ಕಾಪಿ ತಿದ್ದುವ ಕೆಲಸವನ್ನೂ ನಾನು ಹಗಲಿಗೇ ಮುಗಿಸತೊಡಗಿದೆ. ಹಾಗೆ ನೋಡಿದರೆ ನನ್ನ ಹೊಟ್ಟೆಯೂ ಆ ತಿಂಗಳು ಹಗುರವಾಯಿತು. ಅಷ್ಟು ದಿನ ಅದು ಭಾರವಾಗಿತ್ತು ಎಂದೇ ನನಗೆ ಗೊತ್ತಿರಲಿಲ್ಲ.

ಎರಡನೇ ವಾರ ಅಮ್ಮ ಎರಡು ಗಂಟೆಗೆ ಏಳತೊಡಗಿದಳು. ಆಮೇಲೆ ಮೂರೂವರೆಗೆ. ಎದೆಯುರಿ ಕಮ್ಮಿಯಾಯಿತು, ಉಬ್ಬರ ಇಳಿಯಿತು. ಹಸಿವು ಮಾತ್ರ ಬರಲಿಲ್ಲ. ನಾವು ಹೇಳಿದ್ದಕ್ಕೆ ತಿನ್ನುತ್ತಿದ್ದಳು, ಮಾತ್ರೆ ನುಂಗಿದ ಹಾಗೆ. ಅಪ್ಪ ತಟ್ಟೆ ನೋಡುತ್ತಿದ್ದರು, ನಾನು ಅಪ್ಪನ ಮುಖ ನೋಡುತ್ತಿದ್ದೆ. ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ. "ಬರುತ್ತೆ, ಅವಸರ ಮಾಡ್ಬೇಡಿ" ಎಂದರು. ಬಲ್ಬು ಬಿಚ್ಚಿದ ಆ ಮೂರು ಸಾಲುಗಳಲ್ಲಿ ಅಷ್ಟರಲ್ಲಿ ಮೊಣಕಾಲಿಗೂ ಬಾರದ ಗಿಡಗಳೇ ಮೊಗ್ಗು ಹಿಡಿದವು. ಮಾರುವಂಥ ಹೂವಲ್ಲ ಅದು. ಆದರೂ ಅಮ್ಮ ದಿನಾ ಅದಕ್ಕೆ ನೀರು ಬಿಡುವುದನ್ನು ನಿಲ್ಲಿಸಲಿಲ್ಲ.

ಒಂದು ಭಾನುವಾರ. ನನಗೆ ಎಚ್ಚರವಾದಾಗ ಫೋನು ಎಂದಿನಂತೆ ಬಡಿದುಕೊಂಡು ತಾನೇ ಸುಮ್ಮನಾಗಿತ್ತು. ಕಪ್ಪು ಪೇಪರಿನ ಅಂಚಿನಿಂದ ಬಿಸಿಲಿನ ಒಂದು ಪಟ್ಟಿ ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅಮ್ಮ ಅಲ್ಲಾಡದೆ ಮಲಗಿದ್ದಳು. ನನಗೆ ತಿಳಿವಳಿಕೆ ಬಂದಾಗಿನಿಂದ ಬಿಸಿಲು ಬಂದ ಮೇಲೆ ಅಮ್ಮ ಮಲಗಿದ್ದನ್ನು ನಾನು ನೋಡಿದವಳಲ್ಲ. ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ಹೊರಗಿನಿಂದ ಅಪ್ಪ ಪೇಪರು ಸರಿಸಿ, ಕೈಯಲ್ಲಿ ಹಾಲಿನ ಬಕೆಟ್ಟು ಹಿಡಿದುಕೊಂಡೇ, ಶ್ ಎಂದು ಸನ್ನೆ ಮಾಡಿದರು. ತಾವೇ ಹಾಲು ಕರೆದಿದ್ದರು. ಹಸು ಅವರಿಗೆ ಒದ್ದಿತ್ತು ಕೂಡ. ಪಂಚೆಯ ಮೇಲೆ ಗೊರಸಿನ ಗುರುತಿತ್ತು.

ಆ ಸರಿದ ಪೇಪರಿನಿಂದ ಬೆಳಕು ನುಗ್ಗಿ ಅಮ್ಮ ಎದ್ದಳು. ಎದ್ದವಳೇ ಶುರು.

"ತೆಲ್ಲಾರಿಂದಿ! ಬಿಸಿಲು ಬಂದೈತೆ! ಒಬ್ರೂ ಎಬ್ಬಿಸ್ಬಾರ್ದಾ? ಹಾಲು ಯಾರು ಕರೆದ್ರು, ನೀವಾ? ಕೆಚ್ಚಲು ಸರಿಯಾಗಿ ತೊಳೆದ್ರಾ ಇಲ್ವಾ? ಅಯ್ಯೋ, ಇದೇನು ಅರ್ಧ ಬಕೆಟ್ಟೂ ಇಲ್ಲ!"

ಬೈದುಕೊಂಡೇ ಮುಖ ತೊಳೆದಳು, ಬೈದುಕೊಂಡೇ ಕೊಟ್ಟಿಗೆಗೆ ಹೋಗಿ ಬಂದಳು. ಆಮೇಲೆ ಒಲೆಯ ಹತ್ತಿರ ನಿಂತು, ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡಿ, "ಏನಾದ್ರೂ ಐತೇನೇ ತಿನ್ನಕ್ಕೆ? ಹೊಟ್ಟೆ ಹಸೀತಾ ಐತೆ" ಎಂದಳು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಬಕೆಟ್ಟನ್ನು ಕೆಳಗಿಟ್ಟರು. ನಾನು ಮಾತ್ರೆ, ನೀರು ಕೊಟ್ಟೆ.

"ಮಾತ್ರೆ ತಗೊಂಡು ಅರ್ಧ ಗಂಟೆ."

"ಅರ್ಧ ಗಂಟೆನಾ? ಡಾಕ್ಟ್ರಮ್ಮನೇ ಬಂದು ಹೇಳ್ಲಿ ನನ್ ಹೊಟ್ಟೆಗೆ!"

ಆದರೂ ನುಂಗಿದಳು. ನಾನು ರಾಗಿ ರೊಟ್ಟಿಗೆ ಹಿಟ್ಟು ಕಲೆಸಿದೆ. ಸಬ್ಬಸಿಗೆ ಸೊಪ್ಪು, ಈರುಳ್ಳಿ, ಒಂದೇ ಒಂದು ಹಸಿಮೆಣಸು. ಅಮ್ಮ ಎದುರಿಗೆ ಮಣೆ ಹಾಕಿಕೊಂಡು ಕೂತಳು. ಹೆಂಚಿನ ಮೇಲೆ ಮೊದಲ ರೊಟ್ಟಿ ಬೇಯುವ ವಾಸನೆ ಎದ್ದಾಗ "ಆಯ್ತಾ ಅರ್ಧ ಗಂಟೆ?" ಎಂದು ಕೇಳಿದಳು. ಆಗ ಎಂಟು ನಿಮಿಷವಾಗಿತ್ತು. ಮಗುಚಿ ಹಾಕಿದಾಗ ಮತ್ತೆ ಕೇಳಿದಳು. ಎರಡನೇ ರೊಟ್ಟಿ ತಟ್ಟುವಾಗ, "ನಿನ್ ಫೋನು ನಿಧಾನ ಓಡ್ತೈತೆ ಕಣೆ, ಬೇರೆ ತಗೋ" ಎಂದಳು. ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದರೋ ಏನೋ ನಾನು ನೋಡಲು ಹೋಗಲಿಲ್ಲ.

ಇನ್ನೂ ಐದು ನಿಮಿಷ ಬಾಕಿಯಿತ್ತು. ತಟ್ಟೆಗೆ ಹಾಕಿ ಕೊಟ್ಟುಬಿಟ್ಟೆ.